ಅಕ್ಕ ಕಲಿಸಿದ ಪಟ್ಟು

"ನಿಂಗ್ಯಾಕಮ್ಮ ಕೆರಂಬಿತ್ ಕತ್ತಿ? ಒಲೆ ಮೇಲೆ ರೆಂದಾಂಗ್ ತಳ ಹಿಡೀತಿರಬೇಕು, ಹೋಗಿ ಕೈಯಾಡಿಸು," ಎಂದು ಸೋದರಮಾವ ಶಫ್ರಿಲ್, ಕತ್ತಿ ಹಿಡಿದಿದ್ದ ಯುಸ್ನಿಮಾರಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಅಂಗಳದಲ್ಲಿ ಅವನ ಬಳಿ ಸಿಲೆಕ್ ಕಾಳಗ ಕಲಿಯುತ್ತಿದ್ದ ಹುಡುಗರು ನಕ್ಕರು. "ಈಗೇನ್ ಮಾಡ್ತೀಯ?" ಎಂದು ಮಾವ ಕೆಣಕಿದ.

ಅವಳು ಕೈ ಎಳೆದುಕೊಳ್ಳಲಿಲ್ಲ. ಕತ್ತಿಯ ಹಿಡಿಯ ತುದಿಯಲ್ಲಿದ್ದ ಬಳೆಯೊಳಗೆ ತೋರುಬೆರಳು ಭದ್ರವಾಗಿತ್ತು. ಮುಷ್ಟಿಯನ್ನಷ್ಟೇ ಹೊರಳಿಸಿದಳು; ಹುಲಿಯುಗುರಿನಂತೆ ಬಾಗಿದ ಅಲಗು ಮಾವನ ಮಣಿಕಟ್ಟಿನ ನರದ ಮೇಲೆ ಕೊಕ್ಕೆಯಾಗಿ ಕೂತಿತು. ನಗು ನಿಂತಿತು.

"ಯಾರೇ ಹೇಳ್ಕೊಟ್ಟಿದ್ದು ಇದನ್ನ?"

"ಅಮ್ಮ. ನಿಮಗೂ ಅವಳೇ ಅಲ್ವಾ ಮಾಮ ಕಲಿಸಿದ್ದು? ಇಪ್ಪತ್ತು ವರ್ಷದಿಂದ ಶಿಷ್ಯರಿಗೆಲ್ಲ, ನಿಮಗೆ ತಾತ ಕಲಿಸಿದ್ದು ಅಂತ ಹೇಳ್ತಾ ಬಂದ್ರಲ್ಲ, ನಾಚಿಕೆ ಆಗಲ್ವಾ? ಈಗ ನಿಜ ಹೇಳಿ."

ಶಫ್ರಿಲ್ ಅಲಗನ್ನೇ ನೋಡುತ್ತ ಗೊಣಗಿದ: "ಅಕ್ಕ ಕಲಿಸಿದ್ದು."

"ಜೋರಾಗಿ," ಎಂದಳು ಯುಸ್ನಿಮಾರ್.