ಏಳು ಏಟು

ವೇದಿಕೆಯ ಮೇಲೆ ಹಾಡುತ್ತಿದ್ದ ಗಿಡ್ಡ ತನ್ನ ಮೈಕನ್ನು ಜನರತ್ತ ಚಾಚಿದ. "ಒಂದು, ಎರಡು, ಮೂರು..." ಹಾಡಿನಲ್ಲಿ ಬೀಳುವ ಚಾಕು ಏಟುಗಳನ್ನು ಇಡೀ ಸಭಾಂಗಣ ಕುಣಿಯುತ್ತ ಎಣಿಸಿತು. ಏಳಕ್ಕೆ ಸಿಳ್ಳೆಯೋ ಸಿಳ್ಳೆ. ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಮಾತ್ರ ಎದ್ದು ನೇರ ವೇದಿಕೆಯ ಅಂಚಿಗೆ ಬಂದಳು. ಅವಳ ಮಗ ಬೀದಿ ಹೊಡೆದಾಟದಲ್ಲಿ ಚಾಕು ಏಟಿಗೆ ಸತ್ತಿದ್ದ. ಗಿಡ್ಡನೂ ಗೆಳೆಯ ಡಬ್ಬಿಯೂ ಸೇರಿ ಕಟ್ಟಿದ ಈ ರ‍್ಯಾಪ್ ಹಾಡು ಅವನ ಸಾವಿನ ಕುರಿತದ್ದೇ. "ನಿನ್ ಮಗನ ಹಾಡು, ಬಾ" ಎಂದು ಮಹಾ ಉಪಕಾರ ಮಾಡುವವನಂತೆ ಅವಳನ್ನು ಕರೆತಂದವನೂ ಗಿಡ್ಡನೇ.

"ಒಂದೇ ಏಟು, ನರಳಲೇ ಇಲ್ಲ ಅಂದಿದ್ಯಲ್ಲೋ," ಅಂದಳು. "ಏಳಾ? ನನ್ ಹತ್ರ ಸುಳ್ಳು ಹೇಳಿದ್ಯಾ?"

ಅಂದು ಹೇಳಿದ್ದೇ ನಿಜ. ಪಕ್ಕದಲ್ಲೇ ಇದ್ದ ಗಿಡ್ಡ ಕಣ್ಣಾರೆ ಕಂಡಿದ್ದ. ಆದರೆ ಹಾಡು ಕಟ್ಟುವಾಗ ಡಬ್ಬಿ, "ಒಂದಕ್ಕೆ ಬೀಟ್ ಕೂರಲ್ಲ ಮಗಾ, ಏಳು ಮಾಡು" ಅಂದಿದ್ದ. ಗಿಡ್ಡ ಮರುಮಾತಾಡದೆ ಏಳು ಮಾಡಿದ್ದ.

"ಇಲ್ಲ ಚಿಕ್ಕಮ್ಮ, ಬಿದ್ದಿದ್ದು ಒಂದೇ," ಅಂದ. ಅವಳ ಮುಖ ನೋಡಲಾಗಲಿಲ್ಲ.

"ಹಾಗಾದ್ರೆ ಮಿಕ್ಕ ಆರು ಯಾರು ಹಾಕಿದ್ದು?"

ಅವಳ ಹಿಂದೆ ಜನ ಒನ್ಸ್ ಮೋರ್ ಎನ್ನುತ್ತ ಮತ್ತೆ ಒಂದರಿಂದ ಎಣಿಸತೊಡಗಿದರು. ಗಿಡ್ಡ ಮೈಕ್ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡ.