ಡಬ್ಬಿಯ ಮೇಲಿನ ಚೀಟಿ

ಬೆಳಗಿನ ಪಾತ್ರೆ ತೊಳೆದಿಟ್ಟು ಸಕ್ಕರೆ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ ಅಮ್ಮನನ್ನು ಮಗಳು ಪುಸ್ತಕ ಒಡ್ಡಿ ತಡೆದಳು. ಭಾನುವಾರ ಅವಳಿಗೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ.

"ಇದೊಂದು ಕೇಳಮ್ಮ. ಊರಲ್ಲಿ ಬೀದಿದೀಪ ಹೆಚ್ಚು ಮಾಡಿದ್ರು, ಅಪಘಾತಾನೂ ಹೆಚ್ಚಾಯ್ತು. ಯಾಕೆ?"

"ಯಾರೋ ತಪ್ಪು ಎಣಿಸಿರ್ಬೇಕು ಕಣೇ."

"ನೀನು ವಕೀಲಿ ಮಾಡಿದ್ರೆ ಕೇಸು ಮುಳುಗಿದ ಹಾಗೇ. ಯಾವುದನ್ನೂ ಸುಳ್ಳು ಅನ್ನೋ ಹಾಗಿಲ್ಲಮ್ಮ. ಎರಡೂ ನಿಜ ಅಂತಿಟ್ಕೊಂಡು, ಮಧ್ಯೆ ಹೇಳದೆ ಬಿಟ್ಟ ಮಾತು ಹುಡುಕಬೇಕು. ಬೆಳಕು ಬಂತು ಅಂತ ಜನ ಕತ್ತಲಾದ ಮೇಲೂ ಓಡಾಡೋಕೆ ಶುರು ಮಾಡಿದ್ರು, ಅಷ್ಟೇ."

ಅಮ್ಮ ನಕ್ಕಳು. ಮರೆವಿನ ಕಾಯಿಲೆ ಶುರುವಾಗಿದೆ ಎಂದು ಹೋದ ವಾರ ಡಾಕ್ಟರು ಹೇಳಿದ್ದನ್ನು ಪರೀಕ್ಷೆ ಮುಗಿಯುವವರೆಗೆ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕೆಂದಿದ್ದಳು. 'ಉಪ್ಪು' ಎಂದು ಬರೆದಿದ್ದ ಚೀಟಿ ಹಿಡಿದು, ಸಾಲಾಗಿದ್ದ ಸ್ಟೀಲ್ ಡಬ್ಬಿಗಳ ಮೇಲೆ ಕೈಯಾಡಿಸಿದಳು. ಯಾವುದೆಂದು ಹೊಳೆಯಲಿಲ್ಲ. ಚೀಟಿ ಬೆರಳಿಗೇ ಅಂಟಿಕೊಂಡಿತು.

ಮಗಳು ಪುಸ್ತಕ ಮುಚ್ಚಿ, ಉಪ್ಪಿನ ಡಬ್ಬಿಯನ್ನು ಮೆಲ್ಲಗೆ ಅವಳ ಮುಂದೆ ಸರಿಸಿದಳು.

"ಇನ್ನೊಂದಿದೆ, ಪುಸ್ತಕದ್ದಲ್ಲ. ಡಾಕ್ಟರು ಏನೂ ಇಲ್ಲ ಅಂದ್ರು ಅಂತ ನೀನು ಹೇಳ್ದೆ. ಇಷ್ಟು ವರ್ಷ ಕಣ್ಮುಚ್ಚಿ ತೆಗೀತಿದ್ದ ಡಬ್ಬಿಗೆಲ್ಲ ಈಗ ಚೀಟಿ ಅಂಟಿಸ್ತಿದ್ದೀಯ. ನೀನು ಸುಳ್ಳು ಹೇಳಲ್ಲ ಅಂತಲೇ ಇಟ್ಕೊಂಡಿದ್ದೀನಿ. ಮಧ್ಯೆ ಬಿಟ್ಟ ಮಾತು ಯಾವುದಮ್ಮ?"