ಒಂದು ಲೋಟ ಅಸಲಿ ಮಾಲು

ನನ್ನ ಜಿಮ್ಮಿಗೆ ಕಡ್ಡಿಯಂತೆ ಬಂದ ಹುಡುಗರು ಬಾಗಿಲಲ್ಲಿ ಹಿಡಿಸದಷ್ಟು ಉಬ್ಬಿಕೊಂಡು ಹೊರಗೆ ಹೋಗಿದ್ದಾರೆ. ಅವರಿಗಾಗಿ ಎರಡು ಸಲ ಚೌಕಟ್ಟು ಒಡೆಸಿದ್ದೇನೆ. ಎಲ್ಲ ನಾನು ಮಾರುವ ಪ್ರೋಟೀನ್ ಪುಡಿಯ ಮಹಿಮೆ. ಅಂಥ ನನ್ನ ಮುಂದೆ ಒಬ್ಬ ಹೆಂಗಸು ಅದೇ ಪುಡಿಯ ಡಬ್ಬಿಯನ್ನು ತಂದು ಕುಕ್ಕಿದಳು.

"ನನ್ನ ಮಗಳಿಗೆ ಇನ್ನೂ ಹದಿನೈದು, ಮಾಸ್ಟ್ರೇ. ಇದನ್ನ ಕುಡಿದಾಗಿನಿಂದ ವಾಂತಿ ನಿಂತಿಲ್ಲ, ಆಸ್ಪತ್ರೇಲಿ ಮಲಗಿದ್ದಾಳೆ. ಏನು ಬೆರೆಸಿದ್ದೀರಿ ಅಂತ ಡಾಕ್ಟ್ರು ಕೇಳ್ತಿದ್ದಾರೆ."

"ಬೆರೆಸೋದಾ? ಅಮ್ಮಾ, ಏಳು ಸಮುದ್ರ ದಾಟಿ ಹಡಗಲ್ಲಿ ಬಂದ ಅಸಲಿ ಮಾಲು ಇದು!"

"ಹಂಗಾದ್ರೆ ನನ್ನೆದುರಿಗೆ ಒಂದು ಲೋಟ ಕುಡೀರಿ."

ಸುತ್ತ ಹುಡುಗರು ನೆರೆದಿದ್ದರು, ಎಲ್ಲರೂ ನನ್ನ ಗಿರಾಕಿಗಳೇ. ನಾಲ್ಕು ಚಮಚ ಸುರಿದು, ನೀರಲ್ಲಿ ಕದಡಿ ಎತ್ತಿದೆ. ಒಣಮೀನಿನ ಗಬ್ಬು ಮೂಗಿಗೆ ಹೊಡೆಯಿತು. ಮರಳಿನಂಥದ್ದು ಹಲ್ಲಿಗೆ ಕರಕರ ಅಂದಿತು. ಆದರೂ ಕೊನೆಯ ಹನಿವರೆಗೂ ಇಳಿಸಿ ತುಟಿ ಚಪ್ಪರಿಸಿದೆ.

"ಹೆಂಗಿದೆ?"

"ಅಮೃತ! ಹತ್ತು ವರ್ಷದಿಂದ ದಿನಾ ಕುಡಿಯೋ ರುಚಿ. ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ, ಇದು ನನ್ನದೇ ಮಾಲು."

ಅವಳು ಡಬ್ಬಿಯ ಮುಚ್ಚಳ ತಿರುವಿದಳು.

"ನಿಮ್ಮ ಮಾಲು ಪರೀಕ್ಷೆಗೆ ಹೋಗಿದೆ. ಇದು ನಮ್ಮ ಫಾರಂ ಕೋಳಿಗೆ ಹಾಕೋ ಫೀಡು. ಮೊದಲು ನಿಮ್ಮದನ್ನೇ ಕೋಳಿಗಳ ಮುಂದೆ ಚೆಲ್ಲಿ ನೋಡಿದೆ, ಮಾಸ್ಟ್ರೇ. ಒಂದೂ ಕೊಕ್ಕು ಹಾಕಲಿಲ್ಲ."